ಐದು ಇಪ್ಪತ್ತರ ಖಾನೆ

ನಮ್ಮ ಕಪಾಟಿನಿಂದ 'ಇಲ್ಲ' ಎಂಬ ಉತ್ತರವನ್ನು ತೆಗೆದುಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಬಂದ ವರದಿಗಳಲ್ಲಿ ಎಲ್ಲರೂ ದೊಡ್ಡ ಮನಸ್ಸು ಮಾಡಿ 'ತಂಡದ ತೀರ್ಮಾನ' ಎಂದು ಬರೆದಿದ್ದಾರೆ. ತಂಡವೆಂದರೆ ಯಾರು? ನಾನು, ನನ್ನ ಕಂಪ್ಯೂಟರು, ಒಂದು ಮಧ್ಯಾಹ್ನ. ಆ ದಿನ ನನ್ನ ಕೆಲಸಕ್ಕೆ ಎಲ್ಲರೂ ಭೇಷ್ ಎಂದರು. ನಮ್ಮ ಮುಖ್ಯಸ್ಥರಾದ ಡಾಕ್ಟರ್ ಅಂಗಡಿಯವರು ಪೇಢಾ ತರಿಸಿ ಹಂಚಿದರು.

ಕಪಾಟು ಎಂದರೆ ಏನೆಂದು ಹೇಳಬೇಕು. ಮಿದುಳು ಜ್ವರದಿಂದಲೋ ಪೆಟ್ಟಿನಿಂದಲೋ ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಕಳೆದುಕೊಂಡವರು ಇರುತ್ತಾರೆ. ಅವರಿಗೆ ಹಳೆಯದೆಲ್ಲ ನೆನಪಿರುತ್ತದೆ. ಮದುವೆಯ ದಿನ ಯಾರು ಮುನಿಸಿಕೊಂಡಿದ್ದರು ಎಂಬುದೂ ನೆನಪಿರುತ್ತದೆ. ಆದರೆ ಹದಿನೈದು ನಿಮಿಷದ ಹಿಂದೆ ಉಂಡದ್ದು ನೆನಪಿರುವುದಿಲ್ಲ. ಇಂಥವರ ಕಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ಗಾತ್ರದ ಒಂದು ಉಪಕರಣ ಇಡುತ್ತಾರೆ. ಹೊಸ ನೆನಪನ್ನು ಅದು ತನ್ನಲ್ಲಿ ಇಟ್ಟುಕೊಂಡು, ಮಿದುಳು ಕೇಳಿದಾಗ ಕೊಡುತ್ತದೆ. ಕಿವಿಯಲ್ಲಿ ದನಿ ಕೇಳಿಸುವುದಿಲ್ಲ, ಕಣ್ಣೆದುರು ಅಕ್ಷರ ಮೂಡುವುದಿಲ್ಲ. ಥಟ್ಟನೆ ಹೊಳೆಯುತ್ತದೆ, ನಮಗೂ ನಿಮಗೂ ಹೊಳೆಯುವ ಹಾಗೆಯೇ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ. ಹುಬ್ಬಳ್ಳಿಯ ನಮ್ಮ ಸಂಶೋಧನಾಲಯಕ್ಕೆ ಬರುವ ಹತ್ತೊಂಬತ್ತು ಜನ ರೋಗಿಗಳು ಅದನ್ನು ಕಪಾಟು ಎಂದರು, ಹಾಗೆಯೇ ಉಳಿಯಿತು.

ಅದರೊಳಗೆ ಎರಡು ಭಾಗ. ಒಂದಕ್ಕೆ ನಾನು ಒಳಮನೆ ಎನ್ನುತ್ತೇನೆ. ಮಿದುಳಿನ ತಂತಿಗಳನ್ನು ನೇರವಾಗಿ ಮುಟ್ಟುವ ಮೂಲ ಪ್ರೋಗ್ರಾಮು ಇರುವುದು ಅಲ್ಲಿ. ತಯಾರಿಸಿದವರು ಅದಕ್ಕೆ ಮೊಹರು ಹಾಕಿಯೇ ಕಳಿಸುತ್ತಾರೆ. ಅದರಲ್ಲಿ ಒಂದು ಸಾಲು ಬದಲಿಸಬೇಕಾದರೂ ಆರು ವರ್ಷದ ಪರೀಕ್ಷೆ ಬೇಕು, ಏಕೆಂದರೆ ಅಲ್ಲಿ ತಪ್ಪಾದರೆ ಮನುಷ್ಯನೇ ಕುಸಿದು ಬೀಳುತ್ತಾನೆ. ಇನ್ನೊಂದು ಭಾಗ ಪಡಸಾಲೆ. ಅಲ್ಲಿ ಯಾವ ವಿಶೇಷ ಅಧಿಕಾರವೂ ಇಲ್ಲದ ಸಾಧಾರಣ ಪ್ರೋಗ್ರಾಮುಗಳು ಓಡುತ್ತವೆ. ಬಿದ್ದರೆ ತಾವು ಮಾತ್ರ ಬೀಳುತ್ತವೆ, ಮತ್ತೆ ಎಬ್ಬಿಸಿ ಕೂಡಿಸಬಹುದು. ನೆನಪುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಒಳಮನೆಯ ಆಸ್ತಿ. ಇಲ್ಲಿ ಅದನ್ನು ಪಡಸಾಲೆಗೆ ತಂದು ಕೂಡಿಸಿದ್ದರು. ಇದರಿಂದಾಗಿ ನನ್ನಂಥವಳೂ ಒಂದನ್ನು ಬರೆಯಬಹುದಾಗಿತ್ತು. ಒಳಮನೆ ಕೇಳುತ್ತದೆ: ಈ ಖಾನೆಯಲ್ಲಿ ಏನೇನಿದೆ? ಈ ಫೈಲು ತೆರೆ. ಓದಿ ಹೇಳು. ಇದನ್ನು ಬರೆದುಕೊ. ಪಡಸಾಲೆಯಲ್ಲಿ ಕುಳಿತ ನನ್ನ ಪ್ರೋಗ್ರಾಮು ಉತ್ತರ ಕೊಡುತ್ತದೆ. ಆ ಫೈಲು ನಿಜವಾಗಿ ಎಲ್ಲಾದರೂ ಇದೆಯೋ, ಕೇಳಿದ ಕ್ಷಣದಲ್ಲಿ ಹುಟ್ಟಿಸಿ ಕೊಟ್ಟದ್ದೋ ಒಳಮನೆಗೆ ತಿಳಿಯುವುದಿಲ್ಲ. ಕೊಟ್ಟದ್ದನ್ನು ಅದು ನಂಬುತ್ತದೆ.

ಹತ್ತೊಂಬತ್ತು ಜನರಿಗೆ ನಾನು ಹತ್ತೊಂಬತ್ತು ಬಗೆಯ ಕಪಾಟು ಕಟ್ಟಿದೆ. ಎಲ್ಲರ ತಲೆಯೂ ತಾರೀಖಿನ ಪ್ರಕಾರ ಓಡುವುದಿಲ್ಲ. ನವಲಗುಂದದ ಜಮಖಾನೆ ನೇಯುವ ಹೆಂಗಸಿಗೆ ಎಲ್ಲವನ್ನೂ ಬಣ್ಣದ ಪ್ರಕಾರ ಜೋಡಿಸಿದೆ. ಖಾನಾವಳಿಯ ಅಡುಗೆಯವನೊಬ್ಬನಿಗೆ ವಾರದ ಪಲ್ಯಗಳ ಪ್ರಕಾರ. ಬದನೆಕಾಯಿಯ ದಿನ ಯಾರು ಬಂದಿದ್ದರು ಎಂದರೆ ಅವನು ಥಟ್ಟನೆ ಹೇಳುತ್ತಿದ್ದ.

ಆ ಜಮಖಾನೆಯ ಹೆಂಗಸಿನಿಂದಲೇ ಎಡವಟ್ಟು ಶುರುವಾಯಿತು. ಫೈಲ್ ಸಿಸ್ಟಮ್ ಕೊಡಬಹುದಾದ ಉತ್ತರಗಳಲ್ಲಿ 'ಇಲ್ಲ' ಎಂಬುದೂ ಒಂದು. ಆ ಹೆಸರಿನದು ಇಲ್ಲಿಲ್ಲ ಎಂದರ್ಥ. ಅವಳು ಏನನ್ನೋ ನೆನೆಯಲು ಹೋದಾಗ 'ಇಲ್ಲ' ಬಂದರೆ, ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲೇ ಇರದ ಹಾಗೆ ಆಗುತ್ತಿತ್ತಂತೆ. ಅಳುತ್ತಿದ್ದಳು. ನಾನು ಬೆಳೆದ ಮನೆಯಲ್ಲಿ 'ಇಲ್ಲ' ಎನ್ನುವುದೇ ತಪ್ಪು. ಉಪ್ಪು ತೀರಿದರೆ 'ಉಪ್ಪು ಹೆಚ್ಚಾಗೇತಿ' ಎನ್ನಬೇಕು. ಹೊರಗೆ ಹೊರಟವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಇದೆಲ್ಲ ನನ್ನ ಕೈಬೆರಳಿಗೂ ಇಳಿದಿತ್ತೆಂದು ಕಾಣುತ್ತದೆ. ಎಲ್ಲರ ಕಪಾಟಿನಲ್ಲೂ 'ಇಲ್ಲ' ಇದ್ದ ಕಡೆ 'ಇದೆ, ಆದರೆ ಖಾಲಿ' ಎಂಬ ಉತ್ತರ ಹಾಕಿದೆ. ಹೆಸರಿದೆ, ಒಳಗೆ ಏನೂ ಇಲ್ಲ. ಅಳು ನಿಂತಿತು. ಪೇಢಾ ಬಂತು.

ಮೂರು ತಿಂಗಳಾದ ಮೇಲೆ ವಿರೂಪಾಕ್ಷಪ್ಪ ಗಾಣಿಗೇರ ಬಂದರು.

ಅವರಿಗೆ ಆಗ ಅರವತ್ತೊಂದು. ಮೂವತ್ತೊಂದು ವರ್ಷ ರೈಲ್ವೆಯ ಕ್ಯಾಬಿನ್ನಿನಲ್ಲಿ ಸಿಗ್ನಲ್ ಏರಿಸಿ ಇಳಿಸುವ ಕಬ್ಬಿಣದ ಲಿವರ್ ಎಳೆದವರು. ನಿವೃತ್ತರಾದ ಮೇಲೆ ಮಿದುಳು ಜ್ವರ ಬಂದು ಬದುಕಿದರು, ನೆನಪು ಬದುಕಲಿಲ್ಲ. ಅವರ ಹೆಂಡತಿ ದಾಕ್ಷಾಯಣಿ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಒಂದು ಶರತ್ತು ಹಾಕಿದಳು.

"ಎಲ್ಲಾ ಇಡ್ರಿ ಮೇಡಂ, ಮಗಳ ಸುದ್ದಿ ಒಂದು ಬಿಟ್ಟು."

ಮಗಳು ಕಸ್ತೂರಿ ಗದಗಿನ ಒಂದು ಛಾಪಖಾನೆಯಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದಳು. ಪ್ರತಿ ಶನಿವಾರ ಐದು ಇಪ್ಪತ್ತರ ಪ್ಯಾಸೆಂಜರಿಗೆ ಮನೆಗೆ ಬರುತ್ತಿದ್ದಳು. ತಂದೆಗೆ ಜ್ವರ ಬಂದು ನಾಲ್ಕು ತಿಂಗಳಾಗಿದ್ದಾಗ ಅವಳಿಗೂ ಜ್ವರ ಬಂತು, ಡೆಂಗಿ. ಐದನೆಯ ದಿನ ಹೋಗಿಬಿಟ್ಟಳು. ಇಪ್ಪತ್ತೇಳು ವರ್ಷ.

"ಹನ್ನೊಂದು ಸಲ ಹೇಳೇನ್ರಿ ಇವರಿಗೆ," ಎಂದಳು ದಾಕ್ಷಾಯಣಿ. "ಹೇಳಿದಾಗೊಮ್ಮೆ ಈಗ ಸತ್ಲೇನೋ ಅನ್ನೋಹಂಗ ತಲಿ ಗ್ವಾಡಿಗೆ ಬಡಕೊಳ್ಳೋರು. ಊಟದ ಹೊತ್ತಿಗೆ ಮರತು, ಕಸ್ತೂರಿದು ಫೋನ್ ಬಂತೇನು ಅನ್ನೋರು. ಹನ್ನೆರಡನೇದ್ದು ನನ್ನ ಕೈಲೆ ಆಗಲಿಲ್ಲ. ಬಿಟ್ಟೆ."

ನಾನು ಹೂಂ ಎಂದೆ. ವಿರೂಪಾಕ್ಷಪ್ಪನವರ ಕಪಾಟನ್ನು ರೈಲಿನ ವೇಳಾಪಟ್ಟಿಯ ಪ್ರಕಾರ ಜೋಡಿಸಿದೆ. ಬೆಳಿಗ್ಗೆ ಆರು ನಲವತ್ತರ ಖಾನೆಯಲ್ಲಿ ನಾಷ್ಟಾ, ಮಾತ್ರೆ. ಹನ್ನೆರಡೂ ಹತ್ತರ ಖಾನೆಯಲ್ಲಿ ಮಧ್ಯಾಹ್ನದ ಸುದ್ದಿ. ಗಾಡಿಯ ಸದ್ದು ಹಿತ್ತಲ ಗೋಡೆಯಾಚೆ ಕೇಳಿದರೆ ಸಾಕು, ಅವರಿಗೆ ಆ ಹೊತ್ತಿನದು ಹೊಳೆಯುತ್ತಿತ್ತು. ಎರಡೇ ವಾರದಲ್ಲಿ ಅವರು ನನ್ನನ್ನು ಜಾಲಿಹಾಳ ಮೇಡಂ ಎಂದು ಹೆಸರು ಹಿಡಿದು ಕರೆದರು. ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಸ್ತೂರಿಯ ವಿಷಯ ಕಪಾಟಿನಲ್ಲಿ ಎಲ್ಲೂ ಇರಲಿಲ್ಲ.

ಐದನೆಯ ವಾರ, ಗುರುವಾರ ಬೆಳಿಗ್ಗೆ, ವೀಕ್ಷಣಾ ಕೋಣೆಯಲ್ಲಿ ಅವರ ಸಾಲು ಕೆಂಪಾಗಿತ್ತು. ಹತ್ತೊಂಬತ್ತು ಕಪಾಟುಗಳ ಲೆಕ್ಕ ಅಲ್ಲಿನ ಗೋಡೆಯ ಪರದೆಯಲ್ಲಿ ಕಾಣುತ್ತದೆ. ನೆನಪು ಕಾಣುವುದಿಲ್ಲ. ಯಾವ ಖಾನೆ ಎಷ್ಟು ಸಲ ತೆರೆಯಿತು ಎಂಬುದಷ್ಟೇ. ಮಾಮೂಲಿಯಾಗಿ ಒಬ್ಬರದು ದಿನಕ್ಕೆ ಆರೇಳು ನೂರು. ವಿರೂಪಾಕ್ಷಪ್ಪನವರದು ಒಂಬತ್ತು ಸಾವಿರ ದಾಟಿತ್ತು, ಅದೂ ಒಂದೇ ಖಾನೆ: ಶನಿವಾರ, ಐದು ಇಪ್ಪತ್ತು, ಕಸ್ತೂರಿ. ನಾನು ಇಟ್ಟ ಖಾನೆಯಲ್ಲ, ಅವರು ನೆನೆಯಲು ಹೋದ ಹೆಸರು. ತೆರೆದಿತ್ತು. ಖಾಲಿ. ಮುಚ್ಚಿತ್ತು. ಮತ್ತೆ ತೆರೆದಿತ್ತು.

ಡಾಕ್ಟರ್ ಅಂಗಡಿಯವರು ನನ್ನ ಹಿಂದೆ ಬಂದು ನಿಂತರು. ಒಳ್ಳೆಯ ಮನುಷ್ಯ, ಆದರೆ ಆತುರಗಾರ.

"ಮಾಧವಿ, ಉಪಕರಣ ಬಿಸಿ ಆಗ್ಲಿಕತ್ತದ. ಮನುಷ್ಯ ಊಟ ಬಿಟ್ಟಾನ. ಐದು ಕೇಜಿ ಇಳದಾನ. ಸೋಮವಾರ ಸಮಿತಿ ಸೇರ್ತದ, ಹಿಂಗ ಇದ್ರ ತಗಸ್ಬೇಕಾಗ್ತದ."

"ತಗದ್ರ ಹಳೇ ಸ್ಥಿತಿಗೆ ಹೋಗ್ತಾರ್ರಿ ಸರ್. ಹದಿನೈದು ನಿಮಿಷದ ಬದುಕು."

"ಅದಕ್ಕ ಒಂದು ಉಪಾಯ ಹೇಳ್ತೇನಿ. ಖಾಲಿ ಯಾಕ ಕೊಡ್ಬೇಕು? ಪ್ರತಿ ಶನಿವಾರ ಒಂದು ಫೈಲು ಹೊಸದಾಗಿ ಹುಟ್ಟಿಸಿ ಕೊಡ್ರಿ. ಕಸ್ತೂರಿ ಫೋನ್ ಮಾಡಿದ್ಲು, ಈ ವಾರ ಕೆಲಸ ಅದ, ಮುಂದಿನ ವಾರ ಬರ್ತಾಳ. ನಿಮಗದು ಎರಡು ಸಾಲಿನ ಕೆಲಸ. ಮನುಷ್ಯಾ ಆರಾಮ ಇರ್ತಾನ."

ಎರಡಲ್ಲ, ನಾಲ್ಕು ಸಾಲಿನ ಕೆಲಸ. ನಾನು ಅದನ್ನು ಬರೆದೂ ಬಿಟ್ಟೆ. ಇದನ್ನೂ ಮುಚ್ಚಿಡುವುದಿಲ್ಲ. ಬರೆದು, ಹಾಕದೆ, ಚೀಲಕ್ಕೆ ಲ್ಯಾಪ್‌ಟಾಪು ತುರುಕಿ ಮನೆಗೆ ಹೋದೆ. ಅವ್ವ ಅಡುಗೆಮನೆಯಿಂದ ಕೂಗಿದಳು.

"ಮಾಧವಿ, ಉಪ್ಪು ಹೆಚ್ಚಾಗೇತಿ ನೋಡವಾ. ಅಂಗಡಿಗೆ ಹೋಗಿ ಬಾ."

ನನಗೆ ಎಲ್ಲಿತ್ತೋ ಸಿಟ್ಟು. "ಇಲ್ಲ ಅನ್ನು ಅವ್ವ! ಉಪ್ಪು ಇಲ್ಲ. ಇಲ್ಲದ್ದಕ್ಕ ಇಲ್ಲ ಅನ್ನಾಕ ಏನ ಕಷ್ಟ ನಿನಗ?"

ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನನ್ನು ನೋಡಿದಳು. ಬೈಯಲಿಲ್ಲ. "ಉಪ್ಪಿಗೆ ಯಾಕ ಅನ್ಲಿ? ನಿಮ್ಮಪ್ಪ ಹೋದಾಗ ಅಂದೇನಿ. ಊರಿಂದ ಬಂದ ನಿನ್ನ ಬಾಗಲದಾಗ ನಿಲ್ಲಿಸಿ, ನಿಮ್ಮಪ್ಪ ಇಲ್ಲವಾ ಅಂತ ನಾನ ಹೇಳಿದ್ದು. ಬ್ಯಾರೆಯವ್ರು ಹೇಳೂದು ಬ್ಯಾಡ ಅಂತ ತಾಸುಗಟ್ಲೆ ಬಾಗಲದಾಗ ನಿಂತಿದ್ದೆ. ಮರತೀ ಏನು?"

ಮರೆತಿರಲಿಲ್ಲ. ಅಂಗಡಿಗೆ ಹೋಗಿ ಉಪ್ಪು ತಂದೆ.

ಶುಕ್ರವಾರ ಬೆಳಿಗ್ಗೆ ವಿರೂಪಾಕ್ಷಪ್ಪನವರ ಮನೆಗೆ ಹೋದೆ. ರೈಲ್ವೆ ಕ್ವಾರ್ಟರ್ಸಿನ ಆಚೆ ಎರಡು ಕೋಣೆಯ ಮನೆ. ಹಿತ್ತಲಿನ ಗೋಡೆ ದಾಟಿದರೆ ಹಳಿ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ನೆಟ್ಟ ಒಂದು ಕಬ್ಬಿಣದ ಕಂಬವಿತ್ತು. ಅವರು ಅದನ್ನು ಬಲಗೈಯಲ್ಲಿ ಹಿಡಿದು, ಎಡಗಾಲು ಸ್ವಲ್ಪ ಮುಂದಿಟ್ಟು ನಿಂತಿದ್ದರು. ಕ್ಯಾಬಿನ್ನಿನಲ್ಲಿ ಲಿವರ್ ಹಿಡಿದು ನಿಲ್ಲುವ ರೀತಿ ಅದು. ಕಾಲು ಬಾತಿತ್ತು. ಮುಖದಲ್ಲಿ ಗದ್ದದ ಎಲುಬು ಕಾಣುತ್ತಿತ್ತು.

"ಈ ವಾರೆಲ್ಲಾ ಹಿಂಗ್ರಿ," ಎಂದಳು ದಾಕ್ಷಾಯಣಿ. "ಮೊದಲೆಲ್ಲಾ ಶನಿವಾರ ಸಂಜಿಗಿ ಒಂದೀಟು ನಿಲ್ತಿದ್ರು. ಈಗ ಎಲ್ಲಾ ದಿನಾನೂ ನಿಲ್ತಾರ. ಮಲಗ್ರಿ ಅಂದ್ರ ಸಿಟ್ಟಿಗೇಳ್ತಾರ."

ನಾನು ಹತ್ತಿರ ಹೋದೆ. "ಯಜಮಾನ್ರ, ಏನ ಕಾಯ್ಲಿಕತ್ತೀರಿ?"

"ಜಾಲಿಹಾಳ ಮೇಡಂ, ಬರ್ರಿ." ಕಣ್ಣು ಹಳಿಯ ಕಡೆಯಿಂದ ಸರಿಯಲಿಲ್ಲ. "ಕೇಳೇನ್ರಿ. ಉತ್ತರ ಬಂದಿಲ್ಲ."

"ಯಾರನ್ನ ಕೇಳೀರಿ?"

"ಗೊತ್ತದರಿ ನನಗ. ಎಲ್ಲೋ ಅದ. ಇನ್ನೇನ ಬಂತು ಅನಸ್ತದ, ಬರವಲ್ದು."

ಆಗ ನನಗೆ ಮೊದಲ ಸಲ ಅರ್ಥವಾಯಿತು. ಖಾಲಿ ಫೈಲು ಅವರಿಗೆ ಮರೆವಾಗಿ ಕಾಣುತ್ತಿರಲಿಲ್ಲ. ನಾಲಿಗೆಯ ತುದಿಯಲ್ಲಿರುವ ಮಾತಾಗಿ ಕಾಣುತ್ತಿತ್ತು. ತನಗೆ ಗೊತ್ತಿರುವುದನ್ನು ಯಾರೂ ಇನ್ನೊಬ್ಬರನ್ನು ಕೇಳುವುದಿಲ್ಲ. ಅದಕ್ಕೇ ಅವರು ಹೆಂಡತಿಯನ್ನು ಕೇಳಿರಲಿಲ್ಲ, ನಿಂತು ಕಾಯುತ್ತಿದ್ದರು.

"ಕ್ಯಾಬಿನ್ನಿನ್ಯಾಗ ಹಿಂಗ ಆಗ್ತಿತ್ತೇನ್ರಿ? ಉತ್ತರ ಬರಲಾರದಂಗ?"

ಆ ಮಾತು ಬಂದದ್ದೇ ಅವರ ದನಿಗೆ ಜೀವ ಬಂತು. "ಆಗಬಾರದ್ರಿ! ನಾ ಲೈನ್ ಕ್ಲಿಯರ್ ಕೇಳ್ತೇನಿ, ಗಾಡಿ ಬಿಡ್ಲೇನು ಅಂತ. ಮುಂದಿನ ಸ್ಟೇಷನ್ನಿನಾಂವ ಹೌದು ಅನಬೇಕು, ಇಲ್ಲಾಂದ್ರ ಇಲ್ಲ ಅನಬೇಕು. ಇಲ್ಲ ಅಂದ್ರ ಬ್ಯಾಸರಾ ಏನ್ರಿ? ಗಾಡಿ ನಿಲ್ಲಸ್ತೇನಿ, ಲಿವರ್ ಬಿಟ್ಟು ಕೂಡ್ತೇನಿ, ಒಂದು ಕಪ್ಪು ಚಾ ಕುಡೀತೇನಿ. ಒಮ್ಮೆ ಒಬ್ಬ ಹೊಸಬ ಬಂದಿದ್ದ. ಭಾಳ ಮರ್ಯಾದಸ್ಥ. ಹಿರಿಯರಿಗೆ ಇಲ್ಲ ಅಂತ ಹೆಂಗ ಅನ್ನೂದು ಅಂತ, ಫೋನ್ ಎತ್ತಿ ಸುಮ್ಮನ ಹಿಡಕೊಂಡು ಕುಂತಿದ್ದ. ಅವನ ಉಸಿರು ಕೇಳಸ್ತದ, ಮಾತಿಲ್ಲ! ಗೂಡ್ಸ್ ಗಾಡಿ ಒಂದು ತಾಸು ನಿಂತಿತು. ನಾನೂ ನಿಂತೆ. ಕೈ ಬಿಟ್ಟು ಹೆಂಗ ಕೂಡ್ಲಿ, ಈಗ ಹೂಂ ಅಂದಾನು ಅಂತ."

ಆ ಮರ್ಯಾದಸ್ಥ ನಾನೇ. ಐದು ವಾರದಿಂದ ಫೋನ್ ಎತ್ತಿ ಹಿಡಿದುಕೊಂಡು ಉಸಿರಾಡುತ್ತಾ ಕುಳಿತಿದ್ದೆ. ಆದರೂ ಚೀಲದಲ್ಲಿದ್ದ ಆ ನಾಲ್ಕು ಸಾಲುಗಳ ಬಗ್ಗೆ ಕೇಳಲೇಬೇಕಿತ್ತು. ಅವರ ತಲೆಗೆ ಹಾಕುವ ಸುಳ್ಳಿಗೆ ಅವರದೊಂದು ಒಪ್ಪಿಗೆ ಬೇಡವೇ?

"ಯಜಮಾನ್ರ, ಅಂವ ಹೆದರಿ, ನಿಮಗ ಬ್ಯಾಸರ ಆಗಬಾರದು ಅಂತ, ಲೈನ್ ಕ್ಲಿಯರ್ ಅಂತ ಸುಳ್ಳ ಹೇಳಿದ್ರ?"

ಆಗ ಅವರು ತಿರುಗಿ ನನ್ನ ಮುಖ ನೋಡಿದರು. ಕೈ ಕಂಬದ ಮೇಲೆಯೇ ಇತ್ತು.

"ಅದು ಕೊಲಿ ಆಗ್ತಿತ್ತು, ಮೇಡಂ."

ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದಳು. ಕೈಯಲ್ಲಿ ರೊಟ್ಟಿಯ ತಾಟು. ಅವರಿಗೆ ನಿಂತಲ್ಲೇ ತಿನ್ನಿಸಲು ತಂದದ್ದು. ಅವಳು ತಾಟನ್ನು ಹಾಗೇ ಒಳಗೆ ಒಯ್ದಳು. ನಾನೂ ಹಿಂದೆ ಹೋದೆ.

ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ನಾನು ಎಲ್ಲವನ್ನೂ ಹೇಳಿದೆ. ನನ್ನ ತಪ್ಪು ಏನು, ಡಾಕ್ಟರು ಹೇಳಿದ ಉಪಾಯ ಏನು, ಸೋಮವಾರ ಏನಾಗುತ್ತದೆ. 'ಇಲ್ಲ' ಎಂಬ ಉತ್ತರವನ್ನು ಮತ್ತೆ ಇಟ್ಟರೆ ಅವರು ಕಂಬ ಬಿಡುತ್ತಾರೆ. ಆದರೆ ತನಗೆ ಗೊತ್ತಿಲ್ಲವೆಂದು ಗೊತ್ತಾದ ಮೇಲೆ ಅವರು ಬಾಯಿಬಿಟ್ಟು ಕೇಳುತ್ತಾರೆ. ಕೇಳುವುದು ಅವಳನ್ನೇ.

"ಈ ಸಲ ಹೇಳಿದ್ದು ಕಪಾಟಿನ್ಯಾಗ ಉಳೀತದ," ಎಂದೆ. "ಮತ್ತೊಮ್ಮೆ ಹೇಳೂದು ಬರೂದಿಲ್ಲ. ಒಂದ ಸಲ."

ಅವಳು ಬಹಳ ಹೊತ್ತು ರೊಟ್ಟಿಯನ್ನು ಚೂರು ಚೂರಾಗಿ ಮುರಿಯುತ್ತಾ ಕುಳಿತಳು. ತಿನ್ನುವುದಕ್ಕಲ್ಲ, ಸುಮ್ಮನೆ.

"ಸುಳ್ಳ ಹಾಕ್ರಿ ಅಂತ ಹೇಳೋಣು ಅಂತ ಬಾಯಿ ತನಕ ಬಂದಿತ್ರಿ," ಎಂದಳು ಕೊನೆಗೆ. "ಇವರ ಸಲುವಾಗಿ ಅಂತ ಮಾಡ್ಕೊಂಡಿದ್ದೆ. ಅಲ್ರಿ. ನನ್ನ ಸಲುವಾಗಿ. ಮಣ್ಣು ಮಾಡಿ ಬಂದ ದಿನದಿಂದ ಊರ ಮಂದಿ, ಬಳಗ, ಎಲ್ಲಾರೂ ಕಸ್ತೂರಿ ಇದ್ದಳು ಅಂತಾರ. ಈ ಮನ್ಯಾಗ ಒಬ್ಬರರ ಬರ್ತಾಳ ಅನ್ನೋರು ಇದ್ರಲ್ರಿ. ಆಕಿನ್ನ ಕಾಯೋರು ಒಬ್ಬರರ ಇದ್ರು. ಇವರೂ ತಿಳಕೊಂಡುಬಿಟ್ರ ಆಮ್ಯಾಲ ಯಾರೂ ಕಾಯೋದಿಲ್ಲ."

ಅವಳ ಕೈ ಹಿಡಿದುಕೊಂಡೆ. ಕಂಪ್ಯೂಟರು ಬಲ್ಲವಳೆಂದು ಬೀಗುತ್ತಿದ್ದ ನನಗೆ ಅಲ್ಲಿ ಮಾಡಲು ಬಂದದ್ದು ಅಷ್ಟೇ.

ಹೊರಗೆ ಹನ್ನೆರಡೂ ಹತ್ತರ ಗಾಡಿ ಹೋಯಿತು. ಹಿತ್ತಲಿನಿಂದ ಏನೂ ಸದ್ದು ಬರಲಿಲ್ಲ. ಮೊದಲಾಗಿದ್ದರೆ ಆ ಹೊತ್ತಿಗೆ ಅವರು ಊಟಕ್ಕೆ ಬಾ ಎಂದು ಹೆಂಡತಿಯನ್ನು ಕರೆಯುತ್ತಿದ್ದರು.

"ಕೊಲಿ ಅಂದ್ರಲ್ರಿ," ಎಂದಳು ದಾಕ್ಷಾಯಣಿ. ಎದ್ದು ಸೆರಗು ಕೊಡವಿಕೊಂಡಳು. "ನಾಳೆ ಬರ್ರಿ. ಆ ಗಾಡಿ ಹೊತ್ತಿಗೇ ಬರ್ರಿ. ನಾನ ಹೇಳ್ತೇನಿ. ಹಾಡಹಗಲದಾಗ, ಬಾಗಲ ತಗದು ಹೇಳ್ತೇನಿ."

ಶನಿವಾರ ನಾಲ್ಕೂವರೆಗೆ ಹೋದೆ. ಡಾಕ್ಟರ್ ಅಂಗಡಿಯವರೂ ಬಂದರು, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಾರದೆ ಜಗುಲಿಯ ಮೇಲೆ ಕುಳಿತರು. ಕಪಾಟಿನ ಪ್ರೋಗ್ರಾಮು ಬದಲಿಸುವುದು ದೊಡ್ಡ ಕೆಲಸವಲ್ಲ. ಹಳೆಯದನ್ನು ಎಬ್ಬಿಸಿ ಹೊಸದನ್ನು ಕೂಡಿಸಬೇಕು. ನಡುವೆ ಅರ್ಧ ನಿಮಿಷ ಪಡಸಾಲೆಯಲ್ಲಿ ಯಾರೂ ಇರುವುದಿಲ್ಲ. ಆ ಅರ್ಧ ನಿಮಿಷ ವಿರೂಪಾಕ್ಷಪ್ಪನವರು ಕಂಬ ಹಿಡಿದ ತಮ್ಮ ಕೈಯನ್ನೇ, ಇದು ಇಲ್ಲಿಗೆ ಹೇಗೆ ಬಂತು ಎಂಬಂತೆ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿ, "ಮೇಡಂ, ಬರ್ರಿ" ಎಂದರು. ಹೊಸ ಕಪಾಟು ಹಳೆಯ ನೆನಪುಗಳನ್ನೆಲ್ಲ ಹಾಗೇ ಇಟ್ಟುಕೊಂಡಿತ್ತು. ಬದಲಾದದ್ದು ಒಂದೇ ಉತ್ತರ.

ಐದು ಇಪ್ಪತ್ತಕ್ಕೆ ಗದಗಿನ ಪ್ಯಾಸೆಂಜರ್ ಗೋಡೆಯಾಚೆ ಹಾದುಹೋಯಿತು. ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದಳು. ನನ್ನ ತೊಡೆಯ ಮೇಲಿನ ಪರದೆಯಲ್ಲಿ ಆ ಖಾನೆಯ ಹೆಸರು ಮೂಡಿತು. ಒಳಮನೆ ಕೇಳಿತು. ಪಡಸಾಲೆಯಿಂದ 'ಇಲ್ಲ' ಎಂಬ ಉತ್ತರ ಹೋಯಿತು.

ಅವರ ಕೈ ಕಂಬದಿಂದ ಜಾರಿತು. ಕೈ ಮರಗಟ್ಟಿತ್ತೇನೋ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಬಾವಿಕಟ್ಟೆಯ ಮೇಲೆ ಕುಳಿತರು. ಎಷ್ಟೋ ದಿನದ ಮೇಲೆ ಕುಳಿತದ್ದು.

"ದಾಕ್ಷಾಯಣಿ," ಎಂದರು. "ಕಸ್ತೂರಿದು ನನಗ ಏನೂ ಗೊತ್ತಿಲ್ಲಲ್ಲ. ಎಲ್ಲಿದ್ದಾಳ ಆಕಿ?"

ಅವಳು ಅವರ ಪಕ್ಕ ಹೋಗಿ ಕುಳಿತಳು. "ಇಲ್ರಿ," ಎಂದಳು. "ಕಸ್ತೂರಿ ಇಲ್ಲ."

ಅವರು ತಲೆ ಬಡಿದುಕೊಳ್ಳುತ್ತಾರೆಂದು ನಾನು ಎದ್ದು ನಿಂತೆ. ಹಾಗೆ ಮಾಡಲಿಲ್ಲ. ಉಸಿರನ್ನು ಒಳಗೆಳೆದುಕೊಂಡರು, ಬಿಡಲು ಬಹಳ ಹೊತ್ತು ತೆಗೆದುಕೊಂಡರು.

"ಯಾವಾಗ?"

"ಒಂದೂವರಿ ವರ್ಷ ಆತ್ರಿ. ಜ್ವರ ಬಂದಿತ್ತು. ಐದು ದಿನ."

"ಮಣ್ಣಿಗೆ ನಾ ಬಂದಿದ್ದೆನೇನು?"

"ಬಂದಿದ್ರಿ. ಹೆಗಲ ಕೊಟ್ರಿ. ಯಾರು ಹೇಳಿದ್ರೂ ಬಿಡಲಿಲ್ಲ, ಕಡೀ ತನಕ ನೀವ ಹೊತ್ರಿ."

"ನನಗ ಗೊತ್ತಿಲ್ಲ," ಎಂದರು ಅವರು. ಆಗ ಅತ್ತರು. ಆ ಅಳುವನ್ನು ವರ್ಣಿಸಲು ನಾನು ಹೋಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ 'ಬರೆದುಕೊ' ಎಂಬ ಆದೇಶ ಪರದೆಯ ಮೇಲೆ ಬಂತು, ಒಂದರ ಹಿಂದೆ ಒಂದು, ಬರುತ್ತಲೇ ಇತ್ತು. ನನ್ನ ಪ್ರೋಗ್ರಾಮು ಬರೆದುಕೊಂಡಿತು.

ಅವರು ತೋಳಿನಿಂದ ಮುಖ ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದರು. ಏನೋ ಈಗ ಹೊಳೆದ ಹಾಗಿತ್ತು. ಅದು ಕಪಾಟಿನದಲ್ಲ, ಅವರದೇ.

"ಒಂದೂವರಿ ವರ್ಷ ನೀ ಒಬ್ಬಾಕಿನ ಅತ್ತೀ ಏನು?"

"ಅತ್ತಿಲ್ರಿ."

"ಯಾಕ?"

"ನಾ ಅತ್ರ ನೀವು ಯಾಕ ಅಳ್ತೀ ಅಂತ ಕೇಳ್ತಿದ್ರಿ."

ಅಷ್ಟು ಹೇಳಿ ದಾಕ್ಷಾಯಣಿ ಗಂಡನ ಹೆಗಲಿಗೆ ತಲೆಯಿಟ್ಟಳು. ಅವಳ ಬಾಯಿಂದ ಹೊರಟ ದನಿ ಕೇಳಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಜಗುಲಿಯಲ್ಲಿದ್ದ ಡಾಕ್ಟರ್ ಅಂಗಡಿಯವರು ಎದ್ದು ರಸ್ತೆಗೆ ಹೋಗಿಬಿಟ್ಟರು. ನಾನು ಹೋಗುವಂತಿರಲಿಲ್ಲ. ಹದಿನೈದು ನಿಮಿಷ ಕಾಯಬೇಕಿತ್ತು. ಕಪಾಟು ಉಳಿಸಿಕೊಳ್ಳದೆ ಹೋದರೆ, ಅವಳು ಇದನ್ನೆಲ್ಲ ಹದಿಮೂರನೆಯ ಸಲ ಹೇಳಬೇಕಾಗುತ್ತಿತ್ತು. ಹಾಗಾದರೆ ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದುಕೊಂಡು ಗಡಿಯಾರ ನೋಡುತ್ತಾ ಕುಳಿತೆ. ಆ ಹದಿನೈದು ನಿಮಿಷದಷ್ಟು ಉದ್ದದ ಹೊತ್ತು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಇಪ್ಪತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಹಳಿಯ ಮೇಲೆ ಇನ್ನೊಂದು ಗಾಡಿ ಹೋಯಿತು. ವಿರೂಪಾಕ್ಷಪ್ಪನವರು ತಲೆಯೆತ್ತಿ ಅದನ್ನು ಕೇಳಿಸಿಕೊಂಡರು. ಮಗಳ ಫೋನ್ ಬಂತೇನು ಎಂದು ಕೇಳಲಿಲ್ಲ.

"ಆಕಿ ಪ್ರೂಫ್ ನೋಡಿದ ಪುಸ್ತಕಾ ಎಲ್ಲದಾವು?" ಎಂದರು.

"ಟ್ರಂಕಿನ್ಯಾಗ ಅದಾವ್ರಿ. ನಿಮಗ ಕಾಣಬಾರದಂತ ಇಟ್ಟಿದ್ದೆ."

"ತಗೊಂಬಾ."

ಅವಳು ತಂದಳು. ಒಂದು ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯ ಗುರುತುಗಳಿದ್ದವು. ಅವರು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ನೋಡಿದರು. ರೊಟ್ಟಿ ತಿಂದರು. ಅರ್ಧ ತಿಂದರು ಎನ್ನಬೇಕು. ನಾನು ಹೊರಟೆ. "ಬರ್ತೀನ್ರಿ" ಎಂದೇ ಹೇಳಿ ಹೊರಟೆ. ಆ ರೂಢಿ ನನಗೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಸೋಮವಾರ ಸಮಿತಿ ಸೇರಿತು. ಕಪಾಟು ತೆಗೆಯಲಿಲ್ಲ. ಆಮೇಲಿನ ಎರಡು ತಿಂಗಳಲ್ಲಿ ನಾನು ಉಳಿದ ಹದಿನೆಂಟು ಜನರ ಮನೆಗೂ ಹೋಗಿ, ಒಬ್ಬೊಬ್ಬರನ್ನೂ ಕೇಳಿ, 'ಇಲ್ಲ' ಎಂಬುದನ್ನು ಮರಳಿ ಇಟ್ಟುಬಂದೆ. ನವಲಗುಂದದ ಹೆಂಗಸು ಮೊದಲು ಬೇಡವೆಂದಳು. ವಾರದ ಮೇಲೆ ತಾನೇ ಫೋನ್ ಮಾಡಿ, ಇಡ್ರಿ, ನಾ ಯಾವ ಬಣ್ಣ ಮರತೇನಿ ಅನ್ನೂದರ ಗೊತ್ತಾಗ್ಲಿ ಎಂದಳು. ಡಾಕ್ಟರ್ ಅಂಗಡಿಯವರು ಹೇಳಿದ್ದ ನಾಲ್ಕು ಸಾಲುಗಳನ್ನು ಅಳಿಸಿಹಾಕಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ವಿರೂಪಾಕ್ಷಪ್ಪನವರ ಸಾಲು ಈಗ ಪರದೆಯಲ್ಲಿ ಹಸಿರಾಗಿದೆ. ದಿನಕ್ಕೆ ಆರೇಳು ನೂರು, ಎಲ್ಲರ ಹಾಗೆ. ಶನಿವಾರ ಮಾತ್ರ, ಐದು ಇಪ್ಪತ್ತಕ್ಕೆ, ಆ ಖಾನೆ ಒಂದು ಸಲ ತೆರೆಯುತ್ತದೆ. ಈಗ ಅದು ಖಾಲಿಯಿಲ್ಲ. ಅವರು ಪೂರ್ತಿ ಓದುತ್ತಾರೆ, ಮುಚ್ಚುತ್ತಾರೆ. ಹೊಸದಾಗಿ ಬಂದ ಸಹಾಯಕಿ, ಇದು ಪ್ರತಿ ವಾರ ಇದೇ ಹೊತ್ತಿಗೆ ಯಾಕೆ ತೆರೆಯುತ್ತದೆ, ದೋಷವಿರಬಹುದೇ ಎಂದು ಕೇಳಿದಳು. ದೋಷವಲ್ಲ, ಅದನ್ನು ಮುಟ್ಟಬೇಡ ಎಂದೆ.